ಕನ್ನಡಿ ಇಲ್ಲದ ಚಶ್ಮಾದ ಅಂಗಡಿ

ನನ್ನ ಬಲಗಣ್ಣು ಕಾಣಂಗಿಲ್ಲ. ಈ ಒಂದು ಮಾತು ಬರಿಯೋದು ದೂರ ಉಳೀತು, ಮಂದಿ ಮುಂದ ಬಾಯಿಬಿಟ್ಟು ಅನ್ನಾಕನೂ ನನಗ ನಲವತ್ತು ವರ್ಷ ಬೇಕಾದವು. ಹೊರಗಿಂದ ನೋಡಿದ್ರ ಎರಡೂ ಕಣ್ಣು ಒಂದೇ ಥರ ಅವ. ಕಾಡಿಗಿ ಹಚ್ಚಿದ್ರ ಎರಡಕ್ಕೂ ಒಪ್ತದ. ನೀವು ನನ್ನ ಎದುರಿಗಿ ಕುಂತು ತಾಸುಗಟ್ಟಲೆ ಮಾತಾಡಿದ್ರೂ ನಿಮಗ ಗೊತ್ತಾಗಂಗಿಲ್ಲ. ಗೊತ್ತಾಗಬಾರದು ಅಂತನೇ ನನ್ನ ಬೆಳಿಸ್ಯಾರ.

ಒಂಬತ್ತು ವರ್ಷದಾಕಿ ಇದ್ದೆ. ಕಮಲಾಪುರದಾಗ ನಮ್ಮ ಹೊಲದಾಗ ತೊಗರಿ ಬಡಿಯೋ ಹೊತ್ತಿನ್ಯಾಗ ಅವ್ವನ ಕೈಯಾಗಿನ ಬಡಿಗಿ ಮುರಿದು, ಅದರ ತುಂಡು ಹಾರಿ ನನ್ನ ಕಣ್ಣಿಗಿ ಬಡೀತು. ರಕ್ತ ಬರಲಿಲ್ಲ. ಬಾವು ಇಳಿದ ಮ್ಯಾಲ ಎಲ್ಲಾರೂ ದೇವರು ದೊಡ್ಡಾವ ಅಂದ್ರು. ಆಮ್ಯಾಲ ಒಂದಿನ ಆಟದಾಗ ಎಡಗಣ್ಣು ಮುಚ್ಚಿಕೊಂಡಾಗ ನನಗ ಬರೇ ಕತ್ತಲಿ ಕಂಡಿತು. ಕಲಬುರಗಿ ದವಾಖಾನಿ ಡಾಕ್ಟರು, ಒಳಗಿನ ನರ ಹೋಗ್ಯಾದ, ಇನ್ನ ಏನೂ ಮಾಡಾಕ ಬರಂಗಿಲ್ಲ ಅಂದ್ರು. ವಾಪಸ್ ಬರೋ ಬಸ್ಸಿನ್ಯಾಗ ಅವ್ವ ನನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಒಂದೇ ಮಾತು ಅಂದ್ಳು: "ಯಾರ ಮುಂದನೂ ಅನ್ನಬ್ಯಾಡ." ಹೆಣ್ಣುಮಗಳು, ನಾಳಿಗಿ ಲಗ್ನ ಆಗಬೇಕಲ್ಲ. ಅವತ್ತಿಂದ ನಮ್ಮ ಮನ್ಯಾಗ ಆ ಕಣ್ಣಿನ ಸುದ್ದಿ ಯಾರೂ ತೆಗೀಲಿಲ್ಲ. ಅಪ್ಪನ ದೊಡ್ಡ ಸೈಕಲ್ಲಿಗಿ ಒಳಪೆಡಲ್ ಹೊಡಿಯಾಕ ಆಗ ತಾನೇ ಕಲಿತಿದ್ದೆ, ಅದನ್ನೂ ಅವ್ವ ಬಿಡಿಸಿದ್ಳು.

ಮಂದಿ ಕಣ್ಣು ತಪ್ಪಿಸೋದರಾಗ ನಾ ಭಾರಿ ಶ್ಯಾಣ್ಯಾಕಿ ಆದೆ. ಶಾಲ್ಯಾಗ ಕಣ್ಣು ತಪಾಸಣಿ ಇದ್ದಾಗ ಎಡಗಣ್ಣಿಲೆ ಸಾಲು ಓದಿ ಬಾಯಿಪಾಠ ಮಾಡ್ಕೊಂಡು, ಬಲಗಣ್ಣಿನ ಪಾಳಿ ಬಂದಾಗ ಅದನ್ನೇ ಒಪ್ಪಿಸಿಬಿಡ್ತಿದ್ದೆ. ಎಲ್ಲೇ ಹೋದ್ರೂ ಗ್ವಾಡಿ ಬಲಕ್ಕ ಬರೋ ಹಂಗ ಕೂಡತಿದ್ದೆ. ಲಗ್ನ ಆಗಿ ಮೂರು ವರ್ಷದ ತನಕ ಗಂಡಗೂ ಗೊತ್ತಿರಲಿಲ್ಲ. ಒಂದಿನ ಅವರು ಬಲಗಡಿಲಿಂದ ಚಹಾ ತಂದು ಕೊಡಾಕ ಬಂದ್ರು, ನನ್ನ ಕೈ ತಾಗಿ ಬಿಸಿ ಚಹಾ ಅವರ ಎದಿ ಮ್ಯಾಲನೇ ಚೆಲ್ಲಿತು. ಅತ್ತುಕೋತ ಎಲ್ಲಾ ಹೇಳಿದೆ. ಅವರು ಅಂಗಿ ಜಾಡಿಸ್ಕೋತ, ಮೊದಲೇ ಹೇಳಿದ್ರ ಈ ಹೊಸ ಅಂಗಿ ಉಳೀತಿತ್ತಲ್ಲ ಅಂದ್ರು, ಅಷ್ಟೇ. ಅವತ್ತಿಂದ ಇವತ್ತಿನ ತನಕ ರಸ್ತಾದಾಗ ನನ್ನ ಬಲಕ್ಕೇ ನಡೀತಾರ. ಅದನ್ನ ನಾ ಯಾವತ್ತೂ ಅವರಿಗಿ ಹೇಳಿಲ್ಲ, ಅವರೂ ನನಗ ಹೇಳಿಲ್ಲ.

ಹ್ವಾದ ವರ್ಷ ನನಗ ಸಕ್ಕರಿ ಬ್ಯಾನಿ ಬಂತು. ಡಾಕ್ಟರು ದಿನಾ ನಡೀರಿ ಅಂದ್ರು. ನಡಿಯೋದು ನನ್ನ ಸ್ವಭಾವಕ್ಕ ಆಗಿಬರಂಗಿಲ್ಲ. ಹೈಸ್ಕೂಲಿನ್ಯಾಗ ವಿಜ್ಞಾನ ಕಲಿಸಾಕಿ ನಾನು, ದಿನಪೂರ್ತಿ ಹುಡುಗರ ಹಿಂದ ಓಡಾಡಿ ಮತ್ತ ಸಂಜಿಗಿ ಬಗೀಚಾದಾಗ ಗಾಣದ ಎತ್ತಿನ ಹಂಗ ಸುತ್ತು ಅಂದ್ರ ಯಾರು ಸುತ್ತತಾರ? ಐವತ್ತರ ಹೊಸ್ತಿಲದಾಗ ಒಂದು ಸೈಕಲ್ ತಗೊಂಡೆ. ಮುಂಜಾನಿ ಕಲಬುರಗಿ ಕೋಟೆಯ ಕಂದಕದ ಬಾಜೂಕ ಎರಡು ವಾರ ಬಿದ್ದು ಎದ್ದು ಕಲಿತೆ. ಕಲಿತೆ ಅನ್ನೋದು ತಪ್ಪು, ಕಾಲಿಗಿ ಎಲ್ಲಾ ನೆನಪಿತ್ತು. ಗಾಳಿ ಮುಖಕ್ಕ ಬಡಿದಾಗ ನಾ ಹುಚ್ಚಿ ಹಂಗ ನಗ್ತಿದ್ದೆ. ತಿಂಗಳು ತುಂಬೋದರಾಗ ಮನಸ್ಸಿನ್ಯಾಗ ಒಂದು ಆಸಿ ಗಟ್ಟಿಯಾಗಿ ಕುಂತಿತು: ಕಮಲಾಪುರಕ್ಕ, ತವರುಮನಿಗಿ, ಸೈಕಲ್ ಮ್ಯಾಲ ಹೋಗಬೇಕು. ಸೈಕಲ್ ಬಿಡಿಸಿದ ಅವ್ವನ ಮುಂದ ಸೈಕಲ್‌ಲಿಂದ ಇಳೀಬೇಕು.

ಅಂಜಿಕಿ ಒಂದೇ ಇತ್ತು, ಅದು ಸಣ್ಣದಲ್ಲ. ತೊಗರಿ ಸುಗ್ಗಿ ಬಂತಂದ್ರ ನೆಹರು ಗಂಜಿನ, ಅಂದ್ರ ಕಾಳಿನ ಬಜಾರಿನ, ರಸ್ತಾದಾಗ ಹೊಟ್ಟು ಹಾರಾಡ್ತದ. ಎರಡು ಕಣ್ಣಿದ್ದವರಿಗಿ ಒಂದರಾಗ ಕಸ ಬಿದ್ರ ಇನ್ನೊಂದು ಇರ್ತದ. ನನ್ನ ಎಡಗಣ್ಣಾಗ ಒಂದು ಹೊಟ್ಟು ಬಿತ್ತಂದ್ರ ಲಾರಿ ನಡುವ ಇದ್ದಲ್ಲೇ ಕುರುಡಿ. ಒಂದು ಸಲ ಹಂಗ ಆಗೇ ಬಿಟ್ಟಿತು. ಸೈಕಲ್ ನಿಲ್ಲಿಸಿ, ಕಾಲೂರಿ, ಹಾರ್ನಿನ ಸಪ್ಪಳ ಕೇಳ್ಕೋತ ಗಳಗಳ ನೀರು ಸುರಿಸಿಕೊಂಡು ನಿಂತೆ. ಮನಿಗಿ ಬಂದು ಹೇಳಿದ ಕೂಡ್ಲೇ ನಮ್ಮನಿಯವರು ಸಂಜಿಗಿನೇ ಒಂದು ಚಶ್ಮಾ ತಂದ್ರು.

ಏನು ಕಪ್ಪು ಅಂತೀರಿ, ಹಂಚಿನ ತಳಾನೂ ಅಷ್ಟು ಕಪ್ಪಿರಂಗಿಲ್ಲ. ನಮ್ಮ ಊರಾಗ ಎಲ್ಲಾರದೂ ಒಂದೇ ನಂಬಿಕಿ, ಚಶ್ಮಾ ಕಪ್ಪಿದ್ದಷ್ಟು ಕಣ್ಣಿಗಿ ತಂಪು. ಬಿಸಲೂ ಹಂಗೇ ಅದ ನೋಡ್ರಿ, ಯಾರನ್ನ ಬಯ್ಯೋದು. ವಿಜ್ಞಾನ ಕಲಿಸೋ ನಾನೂ ಒಂದು ಮಾತು ಕೇಳದಂಗ ಏರಿಸಿಕೊಂಡೆ. ಕನ್ನಡಿ ಮುಂದ ನಿಂತು ನೋಡಿಕೊಂಡೆ, ಖರೇ ಹೇಳ್ತೀನಿ, ಭಾರಿ ಛಲೋ ಕಾಣತಿದ್ದೆ. ಎರಡೂ ಕಣ್ಣು ಯಾರಿಗೂ ಕಾಣದಂಗ ಅದು ಮುಚ್ಚಿದ್ದಕ್ಕ ಒಳಗೊಳಗ ಒಂದು ಸಮಾಧಾನನೂ ಇತ್ತು.

ಸಂಕ್ರಾಂತಿ ಮುಗಿದ ಮರುವಾರ, ಆಯ್ತವಾರ, ಕಮಲಾಪುರಕ್ಕ ಹೋಗೋ ಹುಮನಾಬಾದ್ ರಸ್ತಾ ಹಿಡಿದು ಹೊಂಟೆ. ನಮ್ಮನಿಯವರು ಸ್ಕೂಟರ್ ಮ್ಯಾಲ ಹಿಂದ. ಅರ್ಧ ದಾರಿ ತನಕ ರಾಣಿ ಹಂಗ ಹೋದೆ. ನಮ್ಮ ಕಡಿ ರೈತರು ಸುಗ್ಯಾಗ ಬೆಳಿ ತಂದು ಡಾಂಬರ ರಸ್ತಾದ ಮ್ಯಾಲ ಹರವಿಬಿಡ್ತಾರ, ಬಂದು ಹೋಗೋ ಗಾಡಿಗಳ ಗಾಲಿನೇ ಅವರ ರಾಶಿ ಮಾಡಿಕೊಡ್ತವ. ಗಾಡಿ ಅಂಚಿಗಿ ಹೋಗದಂಗ ಸುತ್ತಲೂ ಕಲ್ಲು ಇಟ್ಟಿರ್ತಾರ. ಹುಟ್ಟಿದಾಗಿಂದ ನೋಡೀನಿ ನಾನು. ಆದ್ರ ಅವತ್ತು ಬಿಸಲಿಂದ ಒಮ್ಮೆಲೆ ದೊಡ್ಡ ಹುಣಸಿಗಿಡದ ನೆರಳಿಗಿ ಹೊಕ್ಕೆ ನೋಡ್ರಿ, ಆ ಕಪ್ಪು ಚಶ್ಮಾದಾಗ ತೊಗರಿ ಕಟಗಿನೂ ಇಲ್ಲ, ಕಲ್ಲೂ ಇಲ್ಲ, ರಸ್ತಾನೂ ಇಲ್ಲ. ಕಲ್ಲಿಗಿ ಗಾಲಿ ಬಡಿದು ಮಾರಿ ಅಡಿಯಾಗಿ ತೊಗರಿ ಮ್ಯಾಲ ಬಿದ್ದೆ. ಚಶ್ಮಾ ಒಡೀತು. ಅದರ ಚೂರು ಎಡಗಣ್ಣಿನ ಹುಬ್ಬಿನ ಕೆಳಗ ಸೀಳಿತು.

ರಾಶಿ ಕಾಯಾಕ ಕುಂತ ಹೆಣ್ಣುಮಗಳು ಓಡಿ ಬಂದು ಸೆರಗಿಲೆ ರಕ್ತ ಒತ್ತಿ ಹಿಡಿದ್ಳು. ರಕ್ತ ಕಣ್ಣಾಗ ಇಳಿದು ನನಗ ಏನೂ ಕಾಣಾಕತ್ತಿರಲಿಲ್ಲ. ಒಂದು ಗಳಿಗಿ, ಮುಗೀತು, ಇದೂ ಹೋಯ್ತು ಅಂದ್ಕೊಂಡೆ. ಆಮ್ಯಾಲ ನೀರು ಹಾಕಿ ತೊಳೆದಾಗ ಮೊದಲು ಕಂಡಿದ್ದು ನಮ್ಮನಿಯವರ ಮಾರಿ. ಮೂವತ್ತು ವರ್ಷದ ಸಂಸಾರದಾಗ ಆ ಮಾರಿ ಹಂಗ ಬಿಳುಚಿದ್ದು ನಾ ನೋಡಿರಲಿಲ್ಲ. ಮನಿಗಿ ಬಂದವರೇ ಸೈಕಲ್ಲಿಗಿ ಕೀಲಿ ಹಾಕಿ ಕೀಲಿಕೈ ತಮ್ಮ ಕಿಸೇದಾಗ ಇಟ್ಕೊಂಡ್ರು. ಕಣ್ಣು ಕಾಯೋ ಚಶ್ಮಾ ಸಿಕ್ಕರ ಸೈಕಲ್, ಇಲ್ಲಂದ್ರ ಇಲ್ಲ. ಸುದ್ದಿ ಹ್ಯಾಂಗೋ ಕಮಲಾಪುರಕ್ಕೂ ಮುಟ್ಟಿತು. ಅವ್ವ ಫೋನ್ ಮಾಡಿ, ಇದ್ದದ್ದನ್ನರೆ ಉಳಿಸ್ಕೋ ಅಂದ್ಳು. ಏನು ಇದ್ದದ್ದು ಅಂತ ಹೆಸರು ತೆಗೀಲಿಲ್ಲ.

ನಮ್ಮ ಶಾಲಿಯ ಉರ್ದು ಟೀಚರ್ ನನ್ನ ಹುಬ್ಬಿನ ಪಟ್ಟಿ ನೋಡಿ ಮೋಮಿನಪುರದ ಒಂದು ಅಂಗಡಿ ಹೇಳಿದ್ರು. ಅಲ್ಲಿ ಒಬ್ಬರು ವಯಸ್ಸಾದ ಚಶ್ಮಾದವರು ಇದ್ದಾರ, ಎಲ್ಲಾರೂ ಚಾಚಾ ಅಂತಾರ, ಸ್ವಲ್ಪ ತಲಿತಿರುಕ ಮನಶ್ಯಾ ಆದ್ರ ಕೈ ಬಂಗಾರದ್ದು ಅಂದ್ರು. ನಾವಿಬ್ಬರೂ ಹೋದೆವು. ಅಂಗಡಿ ಅಂದ್ರ ಎರಡು ಕಪಾಟಿನ ನಡುವಿನ ಜಾಗ, ಅಷ್ಟೇ. ನಾ ಹೊಕ್ಕ ಕೂಡ್ಲೇ ಕನ್ನಡಿ ಹುಡುಕಿದೆ. ಇರಲಿಲ್ಲ. ಚಶ್ಮಾದ ಅಂಗಡ್ಯಾಗ ಕನ್ನಡಿ ಇಲ್ಲಂದ್ರ ಏನು ಅಂತ ಕೇಳಿದೆ. ಕನ್ನಡಿ ನಿಮ್ಮ ಮನ್ಯಾಗ ಅದಲ್ಲ, ಇಲ್ಲಿ ರಸ್ತಾ ನೋಡ್ರಿ ಅಂದ್ರು. ಚಶ್ಮಾ ಯಾಕ ಬೇಕು ಅಂತ ಕೇಳಿದ್ರು. ಸೈಕಲ್ ಹೊಡಿಯಾಕ ಅಂದೆ. ಸೈಕಲ್ ಎಲ್ಲಿ ಅಂದ್ರು. ಮನ್ಯಾಗ ಅಂದೆ. ಹಂಗಾದ್ರ ನಾಳಿಗಿ ಸೈಕಲ್ ತಗೊಂಡು ಬರ್ರಿ, ತಲಿ ಮ್ಯಾಲ ಏನು ಹಾಕ್ಕೋತೀರಿ ಅದನ್ನೂ ತರ್ರಿ ಅಂತ ಹೇಳಿ ಮುಂದಿನ ಗಿರಾಕಿ ಕಡಿ ತಿರುಗಿಬಿಟ್ರು. ನನ್ನ ಮೈ ಉರಿದು ಹೋಯ್ತು. ಚಶ್ಮಾ ಬೇಕಾಗಿದ್ದು ನನಗೋ ಸೈಕಲ್ಲಿಗೋ ಅಂತ ದಾರಿಪೂರ್ತಿ ಬಡಬಡಿಸಿದೆ. ನಮ್ಮನಿಯವರು ಕಿಸೇದಾಗಿಂದ ಕೀಲಿಕೈ ತೆಗೆದು ಕೊಟ್ರು.

ಮರುದಿನ ಮಧ್ಯಾಹ್ನ ಸೈಕಲ್, ಹೆಲ್ಮೆಟ್, ಗಂಡ ಮೂರನ್ನೂ ತಗೊಂಡು ಹೋದೆ. ಚಾಚಾ ಮೊದಲು ಒಂದು ಹಿಡಿ ಒಣ ಹುಲ್ಲು, ನಾಕು ಸಣ್ಣ ಕಲ್ಲು ತಗೊಂಡು ಬಂದು ಎದುರಿನ ಅಂಗಡಿ ಛತ್ತಿನ ನೆರಳಿನ್ಯಾಗ ರಸ್ತಾದ ಮ್ಯಾಲ ಚೆಲ್ಲಿದ್ರು. ನನ್ನ ಬಿಸಲಾಗ ನಿಲ್ಲಿಸಿ ಒಂದಾದ ಮ್ಯಾಲ ಒಂದು ಮೂರು ಚಶ್ಮಾ ಕೊಟ್ರು. ಕಪ್ಪಿನ್ಯಾಗ ಹುಲ್ಲು ಡಾಂಬರಿನ್ಯಾಗ ಕೂಡಿ ಮಾಯ ಆಯ್ತು. ಹಸರಿನ್ಯಾಗ ಅಷ್ಟಿಷ್ಟು ಕಂಡಿತು. ಕಂದು ಬಣ್ಣದ್ದು ಹಾಕಿದ ಕೂಡ್ಲೇ ರಸ್ತಾ ಕೆಳಗ ಇಳಿದು ಹುಲ್ಲು ಮ್ಯಾಲ ಎದ್ದು ಬಂದಂಗ ಆಯ್ತು. ಕಡ್ಡಿ ಕಡ್ಡಿ ಬ್ಯಾರೆ ಎಣಿಸಬಹುದಾಗಿತ್ತು. ನಾ ಬೆಳಕಿನ ಪಾಠ ಇಪ್ಪತ್ತೈದು ವರ್ಷ ಮಾಡೀನಿ. ಗಾಜಿನ ಪಟ್ಟಕ, ಏಳು ಬಣ್ಣ ಎಲ್ಲಾ ತೋರಿಸೀನಿ. ಒಂದು ಹಿಡಿ ಹುಲ್ಲಿನ್ಯಾಗ ಇಷ್ಟು ಛಲೋ ಪಾಠ ಮಾಡಬಹುದು ಅನ್ನೋದು ನನಗ ಹೊಳೆದಿರಲಿಲ್ಲ. ನಿನ್ನಿನ ಸಿಟ್ಟೆಲ್ಲಾ ಅಲ್ಲೇ ಇಳೀತು.

ಆಮ್ಯಾಲ ಅವರು ಗಲ್ಲಿ ಕೊನಿ ತನಕ ಸೈಕಲ್ ಹೊಡ್ಕೊಂಡು ಹೋಗಿ ಬಾ ಅಂದ್ರು. ವಾಪಸ್ ಬರುವಾಗ ತಾವು ಒಂದು ಕೆಂಪು ಅರಿವಿ ಹಿಡಿದು ಒಂದು ಕಡಿ ನಿಂದ್ರತೀನಿ, ಅರಿವಿ ಕಂಡ ಕೂಡ್ಲೇ ಗಂಟಿ ಹೊಡಿ ಅಂದ್ರು. ಚಶ್ಮಾದ ಚೌಕಟ್ಟು ಬಾಜೂದ್ದು ಎಷ್ಟು ಮುಚ್ಚತದ ಅಂತ ನೋಡಾಕ ಅವರು ಎಲ್ಲಾ ಗಾಡಿಯವರಿಗೂ ಹಿಂಗೇ ಮಾಡ್ತಾರಂತ. ಮೊದಲ ಸಲ ಎಡಕ್ಕ ನಿಂತಿದ್ರು, ದೂರಿಂದನೇ ಗಂಟಿ ಹೊಡೆದೆ. ಎರಡನೇ ಸಲ ಬಲಕ್ಕ ನಿಂತ್ರು. ಇಲ್ಲಿ ಬಾಯಿಪಾಠ ಮಾಡಾಕ ಯಾವ ಸಾಲೂ ಇರಲಿಲ್ಲ. ಅವರನ್ನ ದಾಟಿ ಹೋದ ಮ್ಯಾಲನೇ ನಾ ಗಂಟಿ ಹೊಡೆದಿದ್ದು, ಅದೂ ಅಂದಾಜಿಲೆ.

ಚಾಚಾ ಅಂಗಡಿಗಿ ವಾಪಸ್ ಬಂದು ಕುಂತ್ರು. ಅರಿವಿ ಮಡಚಿ ಇಟ್ರು. ನಮ್ಮನಿಯವರಿಗಿ ಮೂಲಿ ಹೋಟೆಲ್‌ಲಿಂದ ಮೂರು ಚಹಾ ತರಾಕ ಕಳಿಸಿದ್ರು. ಅವರು ಆಕಡಿ ಹೋದ ಮ್ಯಾಲ ಚಾಚಾ ಕುಂತಲ್ಲಿಂದನೇ, ಚಶ್ಮಾ ಒರಸ್ಕೋತ, ಮಾರಿ ಮ್ಯಾಲೆತ್ತದಂಗ ಮೆಲ್ಲಕ ಕೇಳಿದ್ರು: "ಕಬ್ ಸೇ, ಬೇಟಿ?"

ಯಾವಾಗಿಂದ ಅಂತ ಕೇಳಿದ್ರು, ಅಷ್ಟೇ. ಸುಳ್ಳು ಹೇಳಬಹುದಾಗಿತ್ತು, ಸುಳ್ಳಿನ್ಯಾಗ ನಾ ಪಳಗಿದಾಕಿ. ಆದ್ರ ಆ ದನಿಯಾಗ ಕನಿಕರ ಇರಲಿಲ್ಲ, ಪತ್ತೆ ಹಚ್ಚಿದ ಖುಷಿನೂ ಇರಲಿಲ್ಲ. ಅಳತಿ ಕೇಳೋ ದರ್ಜಿ ಹಂಗ ಕೇಳಿದ್ರು. ಒಂಬತ್ತು ವರ್ಷದಾಕಿ ಇದ್ದಾಗಿಂದ ಅಂದೆ. ಎಲ್ಲಾ ಹೇಳಿದೆ, ಬಡಿಗಿ, ಬಸ್ಸು, ಅವ್ವ ಅಂದ ಮಾತು. ಹೇಳಿ ಮುಗಿಸಿ, ಅಳು ಬರಬಾರದು ಅಂತ ಗಡಬಡಿಸಿ ವ್ಯವಹಾರದ ಮಾತಿಗಿ ಬಂದೆ: ಎಡಗಣ್ಣಿಗಿ ಒಡಿಯಲಾರದ್ದು ಗಟ್ಟಿ ಗ್ಲಾಸ್ ಹಾಕ್ರಿ, ಬಲಗಣ್ಣಿಗಿ ಹಗುರದ್ದು ಯಾವುದಾದ್ರೂ ನಡೀತದ, ಹೆಂಗೂ ಅದು ಇದ್ದೂ ಇಲ್ಲದ್ದು.

ಚಾಚಾಗ ಸಿಟ್ಟು ಬಂತು. ಚಶ್ಮಾ ಕೆಳಗಿಟ್ಟು ಮೊದಲನೇ ಸಲ ನನ್ನ ಮಾರಿ ನೋಡಿದ್ರು, ಬಲಗಣ್ಣನ್ನೇ ನೋಡಿದ್ರು.

"ಕಾಣೋ ಕಣ್ಣು ತನ್ನ ಕಾಳಜಿ ತಾನೇ ತಗೋತದ ಬೇಟಿ. ಏನರೆ ಬಂತಂದ್ರ ಮುಚ್ಕೋತದ. ಇದಕ್ಕ ಬರೋದೇ ಗೊತ್ತಾಗಂಗಿಲ್ಲ. ಗಟ್ಟಿ ಗ್ಲಾಸ್ ಮೊದಲು ಇದಕ್ಕ." ಮತ್ತ ಅಂದ್ರು, "ಕಾಣದಿದ್ರ ಏನಾತು, ಅಳುವಾಗ ಇದರಾಗೂ ನೀರು ಬರ್ತದಲ್ಲ?"

ನಲವತ್ತು ವರ್ಷದಾಗ ಆ ಕಣ್ಣಿನ ಪರವಾಗಿ ಮಾತಾಡಿದ ಮೊದಲ ಮನಶ್ಯಾ ಅವರು. ಅವ್ವ ಅದನ್ನ ಮುಚ್ಚಿಟ್ಳು, ಗಂಡ ಅದಕ್ಕ ಅಡ್ಡ ನಿಂತ್ರು, ನಾ ಅದನ್ನ ಮರೆತೆ. ಅದೂ ನನ್ನದೇ ಕಣ್ಣು, ಅದಕ್ಕೂ ಪೆಟ್ಟಾದ್ರ ನೋಯ್ತದ ಅನ್ನೋದು ನಮ್ಮ ಯಾರ ತಲ್ಯಾಗೂ ಬಂದಿರಲಿಲ್ಲ. ನಮ್ಮನಿಯವರು ಚಹಾ ತಂದ್ರು. ಚಾಚಾ ಏನಂದ್ರು ಅಂತ ಕೇಳಿದ್ರು. ಕಂದು ಬಣ್ಣ ಛಲೋ ಅಂದ್ರು ಅಂತ ಹೇಳಿದೆ.

ಚಶ್ಮಾ ಕೈಗಿ ಬರಾಕ ಮೂರು ವಾರ ಹಿಡೀತು. ನಾಕು ಸಲ ಕರಿಸಿದ್ರು. ಒಂದು ಡಬ್ಬಿ ತುಂಬ ಬಿಸಿ ಉಸುಕು ಇಟ್ಟಿದ್ರು, ಅದರಾಗ ಚೌಕಟ್ಟು ಹುಗಿದು ಮೆತ್ತಗ ಮಾಡಿ, ಬರಿಗೈಲೆ ಬಗ್ಗಿಸಿ, ಆರಿಸಿ, ನನ್ನ ಕಿವಿಗಿ ಹಾಕಿ, ಒಪ್ಪದಿದ್ರ ಮತ್ತ ಉಸುಕಿನ್ಯಾಗ ಹುಗೀತಿದ್ರು. ಆ ಬಿಸಿಗಿ ಅವರ ಬೆರಳಿನ ತುದಿ ಜಡ್ಡುಗಟ್ಟಿ ಹೋಗಿದ್ದವು. ಎಡಗಡಿ ಕಿವಿಕಡ್ಡಿ ತೆಳ್ಳಗ, ಮ್ಯಾಲಕ್ಕ ಮಾಡಿದ್ರು, ಕಾಣೋ ಕಣ್ಣಿಗಿ ಬಾಜೂದ್ದು ಒಂದು ಬೆರಳಷ್ಟೂ ಮುಚ್ಚಬಾರದು ಅಂತ. ಬಲಗಡಿ ಅಗಲ ಇಟ್ರು, ಕಪಾಳದ ತನಕ. ನೋಡಿದವರಿಗಿ ಎರಡೂ ಕಡಿ ಒಂದೇ ಅನಿಸ್ತಿತ್ತು, ಕೈಯಾಡಿಸಿದ್ರ ಮಾತ್ರ ಫರಕು ಗೊತ್ತಾಗ್ತಿತ್ತು. ಕಡೀಕ ಹೆಲ್ಮೆಟ್ ಹಾಕಿಸಿ, ರೊಟ್ಟಿ ಬಡಿಯೋರ ಹಂಗ ಬಗ್ಗು ಅಂದ್ರು. ಬಗ್ಗಿದೆ. ಕೊಡವು ಅಂದ್ರು. ತಲಿ ಕೊಡವಿದೆ. ಚಶ್ಮಾ ಅಳ್ಳಾಡಲಿಲ್ಲ. ಅವರು ತಮ್ಮ ಕೆಲಸಕ್ಕ ತಾವೇ ತಲಿದೂಗಿ, ಹೋಗ್ರಿ ಅಂದ್ರು.

ಮತ್ತೊಂದು ಆಯ್ತವಾರ ಹೊಂಟೆ. ನಮ್ಮನಿಯವರು ಹಿಂದ ಬರ್ತೀನಿ ಅಂದ್ರು, ಒಬ್ಬಾಕೀನೇ ಹೋಗ್ತೀನಿ ಅಂದೆ. ನನ್ನ ಬಲಕ್ಕ ನಿಂತು ಬಾಗಲ ತನಕ ಬಂದು ಬಿಟ್ರು. ಬಿಸಲು ಏರಾಕತ್ತಿತ್ತು. ತೊಗರಿ ಮುಗಿದು ರಸ್ತಾದ ಮ್ಯಾಲ ಕಡ್ಲಿ ಹರವಿದ್ರು. ಅದೇ ಹುಣಸಿಗಿಡದ ನೆರಳು ದೂರಿಂದ ಕಂಡಿತು, ಅದರ ಕೆಳಗ ಕಡ್ಲಿ, ಅಂಚಿಗಿ ಇಟ್ಟ ಒಂದೊಂದು ಕಲ್ಲು. ಕಲ್ಲು ಎಣಿಸ್ಕೋತ ಬಾಜೂಕ ಹಾದು ಹೋದೆ, ನನಗ ಕುಣಿಬೇಕು ಅನಿಸಿತು. ಆ ಕಂದು ಬಣ್ಣದಾಗ ಕರಿ ಹೊಲಗಳು ಇನ್ನಷ್ಟು ಕರಿಯಾಗಿ, ಕುಸುಬಿ ಹೂವು ಉರಿಯೋ ಹಂಗ ಕಾಣತಿದ್ದವು. ಮೂವತ್ತು ವರ್ಷ ಬಸ್ಸಿನ್ಯಾಗ ಓಡಾಡಿದ ದಾರಿ, ನಾ ನೋಡೇ ಇರಲಿಲ್ಲ ಅನಿಸಿತು.

ಕಮಲಾಪುರ ಸಮೀಪ ಬಂದಾಗ ಮಣ್ಣು ಕೆಂಪಾಗಾಕ ಶುರುವಾಗ್ತದ. ಅಲ್ಲೇ ಖಡಿ, ಅಂದ್ರ ಜಲ್ಲಿಕಲ್ಲು, ತುಂಬಿದ ಒಂದು ಟಿಪ್ಪರ್ ಬಲಗಡಿಲಿಂದ ನನ್ನ ದಾಟಿ ಹೋಯ್ತು. ಠಕ್ ಅಂತ ಸಪ್ಪಳ ಆಯ್ತು, ತಲಿ ಎಡಕ್ಕ ಹೊರಳಿತು. ಏನು ಬಂತು, ಎಲ್ಲಿಂದ ಬಂತು ಒಂದೂ ಗೊತ್ತಾಗಲಿಲ್ಲ. ಸೈಕಲ್ ಮಾತ್ರ ಬೀಳಲಿಲ್ಲ. ಬೇವಿನಗಿಡದ ಕೆಳಗ ನಿಲ್ಲಿಸಿ ಚಶ್ಮಾ ತೆಗೆದು ನೋಡಿದೆ. ಬಲಗಡಿ ಗ್ಲಾಸಿನ ನಡುವ, ಬರೋಬ್ಬರಿ ಕಣ್ಣಗುಡ್ಡಿ ಎದುರಿಗಿ, ಎಳ್ಳಿನಷ್ಟು ಒಂದು ಗಾಯ. ಸೀಳಿಲ್ಲ, ಬಿರುಕಿಲ್ಲ. ಎಡಗಡಿ ಗ್ಲಾಸ್ ಅಂಗಡ್ಯಾಗ ಕೊಟ್ಟಂಗ ಇತ್ತು. ನಾ ಹೇಳಿದ ಮಾತು ಕೇಳಿ ಚಾಚಾ ಬಲಕ್ಕ ಹಗುರ ಗ್ಲಾಸ್ ಹಾಕಿದ್ರ ಅದರ ಚೂರು ಎಲ್ಲೆಲ್ಲಿ ಹೋಗ್ತಿತ್ತು ಅಂತ ಲೆಕ್ಕ ಹಾಕಿದೆ. ಮೋಮಿನಪುರದ ಕಡಿ ತಿರುಗಿ ಕೈ ಮುಗಿದೆ. ಯಾರು ನೋಡಿದ್ರೋ ಬಿಟ್ರೋ, ನನಗ ಗೊತ್ತಿಲ್ಲ.

ಅವ್ವ ನಮ್ಮಣ್ಣನ ಮನಿ ಕಟ್ಟಿ ಮ್ಯಾಲ ಕುಂತು ಬಾಜೂ ಮನಿ ಕಾಕಿ ಕೂಡ ಮಾತಾಡಾಕತ್ತಿದ್ಳು. ಮಗ್ಗಲದಾಗ ಕೆಂಪು ಬಾಳಿಹಣ್ಣಿನ ಗೊನಿ. ಸೈಕಲ್ ಮ್ಯಾಲಿಂದ ಇಳಿದದ್ದು ಯಾರು ಅಂತ ಇಬ್ಬರಿಗೂ ಗುರುತು ಹತ್ತಲಿಲ್ಲ. ಹೆಲ್ಮೆಟ್ ತೆಗೆದ ಮ್ಯಾಲ ಅವ್ವ ಎದ್ದು ಬಂದ್ಳು, ಬೈಲಿಲ್ಲ. ನನ್ನ ಮಾರಿ ಎರಡೂ ಕೈಲೆ ಹಿಡಿದು ಹುಬ್ಬಿನ ಕೆಳಗಿನ ಮಾಗಿದ ಗಾಯ ನೋಡಿದ್ಳು. ಆಮ್ಯಾಲ ಚಶ್ಮಾ ಇಸ್ಕೊಂಡ್ಳು. ಬಲಗಡಿ ಗ್ಲಾಸಿನ ಮ್ಯಾಲ ಹೆಬ್ಬೆರಳು ಆಡಿಸುವಾಗ ಬೆರಳು ಆ ಎಳ್ಳಿನಷ್ಟು ಗಾಯದ ಮ್ಯಾಲ ನಿಂತಿತು. ಇದೇನು ಅಂದ್ಳು. ದಾರ್ಯಾಗ ಖಡಿ ಸಿಡೀತು ಅಂದೆ. ಈ ಕಡಿಗೂ ಗಟ್ಟಿ ಗ್ಲಾಸ್ ಹಾಕಂತ ನೀ ಹೇಳಿದ್ದೇನು ಅಂತ ಕೇಳಿದ್ಳು. ಇಲ್ಲ, ನಾ ಬ್ಯಾಡ ಅಂದಿದ್ದೆ, ಚಶ್ಮಾದವರೇ ಹಾಕಿದ್ರು ಅಂದೆ. ಅವರು ಅಂದ ಮಾತೂ ಹೇಳಿದೆ, ಕಾಣೋ ಕಣ್ಣು ತನ್ನ ಕಾಳಜಿ ತಾನೇ ತಗೋತದ ಅಂದದ್ದು.

ಅವ್ವ ಬಹಳ ಹೊತ್ತು ಆ ಗಾಯದ ಮ್ಯಾಲಿನ ಬೆರಳು ತೆಗೀಲಿಲ್ಲ. ಆಮ್ಯಾಲ ಕಾಕಿ ಕಡಿ ತಿರುಗಿ, ಓಣಿಯವರಿಗೆಲ್ಲಾ ಕೇಳೋ ಹಂಗ ಅಂದ್ಳು:

"ಇಕಿಗಿ ಈ ಕಣ್ಣು ಕಾಣಂಗಿಲ್ಲ. ಸಣ್ಣಾಕಿ ಇದ್ದಾಗ ತೊಗರಿ ಬಡಿಯುವಾಗ ನನ್ನ ಕೈಲೆ ಹೋಯ್ತು. ಒಂದು ಕಣ್ಣಿಲೆ ಕಲಬುರಗಿಲಿಂದ ಸೈಕಲ್ ಹೊಡ್ಕೊಂಡು ಬಂದಾಳ ನೋಡು ನನ್ನ ಮಗಳು."

ಕಾಕಿ ನಂಬಲಾರದೆ ನನ್ನ ಕಡಿ ನೋಡಿದ್ಳು. ಹೌದು, ಕಾಣಂಗಿಲ್ಲ ಅಂದೆ. ಚಾಚಾ ಅಂದದ್ದು ಖರೇ ಇತ್ತು, ಎರಡೂ ಕಣ್ಣಾಗ ನೀರು ಬಂದಿತ್ತು. ಅವ್ವ ಬಾಳಿಗೊನಿಯಾಗಿಂದ ಒಂದು ಚಿಪ್ಪು ಮುರಿದು, ಇದು ಆ ಚಶ್ಮಾದವರಿಗಿ ಮುಟ್ಟಿಸು ಅಂತ ನನ್ನ ಚೀಲದಾಗ ಹಾಕಿದ್ಳು. ಆಮ್ಯಾಲ ಗ್ಲಾಸಿನ ಮ್ಯಾಲ ಬಾಯಿಲೆ ಆವಿ ಬಿಟ್ಟು ಸೆರಗಿಲೆ ಒರಸಿ, ತಾನೇ ನನ್ನ ಮಾರಿಗಿ ಚಶ್ಮಾ ಏರಿಸಿದ್ಳು. ಮೊದಲು ಬಲಗಿವಿಗಿ ಸಿಗಿಸಿದ್ಳು.